ಏಳು ಕುಳಿಯ ಕಲ್ಲು: ಬೀಗ ಬಿದ್ದ ಒಂದು ತೊಟ್ಟಿ ಮನೆಯ ಪ್ರಕರಣ

ನಾನು ಪತ್ರ ಬರಹಗಾರ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತು ಕ್ರಯಪತ್ರ, ವಿಭಾಗ ಪತ್ರ, ವಿಲ್ಲು ಬರೆಯುವುದು ಕಸುಬು. ಬೆಳಗಾದರೆ ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸರ್ಕಾರಿ ದಾರಿ ಎಂದು ಚೆಕ್ಕುಬಂದಿ ಬರೆಯುವವನು. ಇದು ಮಾತ್ರ ಕೂಲಿಗೆ ಬರೆದದ್ದಲ್ಲ. ಮೂಡಿಗೆರೆ ತಾಲ್ಲೂಕಿನ ಒಂದು ಹಳೇ ತೊಟ್ಟಿ ಮನೆಯಲ್ಲಿ ನಾವು ಆರು ಜನ ಎರಡು ವರ್ಷ, ಮಳೆಗಾಲ ಬಿಟ್ಟು ಮಿಕ್ಕ ಭಾನುವಾರಗಳಲ್ಲಿ, ಬಂದವರಿಗೆ ಊರಿನ ಚರಿತ್ರೆ ಹೇಳುತ್ತಿದ್ದೆವು. ಆ ಮನೆಗೆ ಈಗ ಬೀಗ ಬಿದ್ದಿದೆ. ಇಂಥದೇ ಮನೆ ಇಟ್ಟುಕೊಂಡು ಒದ್ದಾಡುತ್ತಿರುವ ಸಕಲೇಶಪುರ ಕಡೆಯವರು, ಏನು ಮಾಡಿದಿರಿ, ಎಲ್ಲಿ ಎಡವಿದಿರಿ, ಬರೆದು ಕೊಡಿ ಅಂದರು. ಅದಕ್ಕೇ ಇದು. ಮನೆಯವರ ಹೆಸರು, ಊರಿನ ಹೆಸರು ಹಾಕಿಲ್ಲ. ಬೇಡ ಅಂದಿದ್ದಾರೆ.

ಮನೆ ದೊಡ್ಡದೇ. ಹೆಬ್ಬಾಗಿಲು ದಾಟಿದರೆ ಅಂಗಳ, ಮೂರು ಮೆಟ್ಟಿಲು ಹತ್ತಿದರೆ ಜಗಲಿ, ಜಗಲಿಯ ಹಿಂದೆ ತೊಟ್ಟಿ. ತೊಟ್ಟಿಯ ಮೂಲೆಗೊಂದರಂತೆ ನಾಲ್ಕು ಹಲಸಿನ ಕಂಬ. ಒಬ್ಬರು ತಬ್ಬಿದರೆ ಕೈ ಕೂಡುವುದಿಲ್ಲ. ಜುಲೈ ತಿಂಗಳಲ್ಲಿ ನಾಲ್ಕೂ ಸೂರಿನ ನೀರು ತೊಟ್ಟಿಗೆ ಸುರಿಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಒಳಗೆ ಭತ್ತ ತುಂಬುತ್ತಿದ್ದ ಪಣತ, ಬಾಣಂತಿ ಕೋಣೆ, ಅಡುಗೆಮನೆ, ಬಚ್ಚಲು. ಬಚ್ಚಲಿನ ಆಚೆ ದನಕ್ಕೆ ಮುರು ಬೇಯಿಸುವ ಒಲೆ, ಅದರಾಚೆ ಕೊಟ್ಟಿಗೆ. ಮೇಲೆ ಅಟ್ಟ, ಅಟ್ಟದ ಮೇಲೆ ಮಂಗಳೂರು ಹೆಂಚು. ಗೋಡೆ ಮಣ್ಣಿನದು. 2019ರ ಆಗಸ್ಟ್ ಮಳೆಯಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡವೇ ಜಾರಿ ತೋಟ, ಮನೆಗಳನ್ನು ಹೊತ್ತುಕೊಂಡು ಹೋದಾಗ ಈ ಮನೆಯ ಕೊಟ್ಟಿಗೆ ಕಡೆ ಗೋಡೆಯೂ ಕೂತುಬಿಟ್ಟಿತು. ಅದಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದು ಹಾಗೇ ಉಳಿಯಿತು.

ಮನೆಯಲ್ಲಿದ್ದದ್ದು ಎಂಬತ್ತು ದಾಟಿದ ಅಜ್ಜಿ, ಜೊತೆಗೆ ಮನೆಗೆಲಸದ ಒಬ್ಬಳು ಹುಡುಗಿ. ಪಾಲುದಾರರು ಹನ್ನೊಂದು ಜನ. ನಮ್ಮ ಕಸುಬಿನಲ್ಲಿ ಈ ಲೆಕ್ಕ ದಿನಾ ಬರುತ್ತದೆ. 1994ರ ರಾಜ್ಯದ ತಿದ್ದುಪಡಿ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ನ್ಯಾಯವಾದದ್ದೇ. ಆದರೆ ಹೆಂಚು ಕೈಯಾಡಿಸಲು, ಅಂದರೆ ಒಡೆದದ್ದು ತೆಗೆದು ಸರಿಯಾಗಿ ಹೊದಿಸಲು, ಹನ್ನೊಂದು ಜನ ಒಪ್ಪಿ ದುಡ್ಡು ಹಾಕಬೇಕು ಎಂದರೆ ಮಂಗಗಳೇ ವಾಸಿ, ಅವು ಒಟ್ಟಿಗೆ ಬಂದು ಒಟ್ಟಿಗೆ ಹೆಂಚು ಒಡೆದು ಹೋಗುತ್ತವೆ.

ಶುರುವಾದದ್ದು ಹೀಗೆ. ನಿವೃತ್ತರಾದ ಮೇಷ್ಟ್ರೊಬ್ಬರು ಏಳನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಹೋಗಿ ಅಟ್ಟ, ಪಣತ ತೋರಿಸಿದರು. ಅಜ್ಜಿ ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟರು. ಮುಂದಿನ ವಾರ ಆ ಮಕ್ಕಳ ಅಪ್ಪ ಅಮ್ಮ ಬಂದರು. ಅಜ್ಜಿಗೂ ಬೇಜಾರು ಕಳೆಯಿತು. ‘ಭಾನುವಾರ ಬನ್ನಿ, ಬಾಗಿಲು ತೆಗೆದಿರ್ತೀನಿ’ ಅಂದರು. ಮೇಷ್ಟ್ರು, ಮೊದಲು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು ಒಬ್ಬರು, ಪೋಸ್ಟಾಫೀಸಿನವರೊಬ್ಬರು, ಡಿಗ್ರಿ ಓದುತ್ತಿದ್ದ ಇಬ್ಬರು ಹುಡುಗಿಯರು, ನಾನು: ಇಷ್ಟೇ ನಮ್ಮ ತಂಡ. ಟಿಕೆಟ್ ಇರಲಿಲ್ಲ. ಜಗಲಿ ಮೇಲೆ ಒಂದು ಡಬ್ಬಿ ಇಟ್ಟು ‘ಹೆಂಚಿಗೆ’ ಎಂದು ಬರೆದಿದ್ದೆವು. ಭಾನುವಾರಕ್ಕೆ ಹತ್ತೋ ಹದಿನೈದೋ ಜನ ಬರುತ್ತಿದ್ದರು, ಹಾಸನ, ಬೇಲೂರು ಕಡೆಯಿಂದಲೂ.

ಮೊದಲ ಆರು ತಿಂಗಳು ನಾವು ಹೇಳಿದ್ದರಲ್ಲಿ ಅರ್ಧ ತಪ್ಪು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಬೇರೆ ಮನೆಗಳಲ್ಲೂ ಇದೇ ತಪ್ಪು ನಡೆಯುತ್ತಿರುತ್ತದೆ.

ಮನೆ 1865ರದ್ದು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಸಾಕ್ಷಿಯೂ ಇತ್ತು. ಹೆಂಚು ತಿರುಗಿಸಿ ನೋಡಿದರೆ ಹೆಂಚು ಮಾಡುತ್ತಿದ್ದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಸರಿನ ಜೊತೆಗೆ 1865 ಎಂದು ಅಚ್ಚೊತ್ತಿದೆ. ನಾವೂ ಒಂದು ಹೆಂಚನ್ನು ಕೆಳಗಿಟ್ಟು ಮಕ್ಕಳ ಕೈಲಿ ಆ ಅಂಕಿ ಮುಟ್ಟಿಸಿ ಹೇಳುತ್ತಿದ್ದೆವು. ಮಂಗಳೂರಿನಿಂದ ಬಂದಿದ್ದ ಒಬ್ಬರು ಒಂದು ದಿನ ನಕ್ಕರು. ಅದು ಹೆಂಚು ಸುಟ್ಟ ಇಸವಿಯಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಅವರ ಕಾರ್ಖಾನೆ ಶುರುವಾದ ಇಸವಿ. ಅಲ್ಲಿಂದಾಚೆಗೆ ಎಷ್ಟೋ ವರ್ಷ ಅದೇ ಅಂಕಿ ಒತ್ತುತ್ತಿದ್ದರು. ಕರಾವಳಿಯಿಂದ ಘಟ್ಟದ ಮೇಲಿನವರೆಗೆ ಎಷ್ಟು ಮನೆಗಳಿಗೆ ಈ ಅಂಕಿಯಿಂದ ವಯಸ್ಸು ಜಾಸ್ತಿಯಾಗಿದೆಯೋ!

ಆಮೇಲೆ ನನ್ನ ಕಸುಬು ಉಪಯೋಗಕ್ಕೆ ಬಂತು. ಅಜ್ಜಿಯ ಟ್ರಂಕಿನಲ್ಲಿ ಕಾಗದದ ಕಂತೆ ಇತ್ತು. ಗಂಡಭೇರುಂಡದ ಛಾಪಾ ಕಾಗದ, ತಲೆಯಲ್ಲಿ ‘ಕಡೂರು ಡಿಸ್ಟ್ರಿಕ್ಟ್’. ಹುಡುಗಿಯರಿಗೆ ಗಾಬರಿ, ಮನೆ ಕಡೂರಿನಲ್ಲಿತ್ತಾ ಅಂತ. 1947ರವರೆಗೆ ನಮ್ಮ ಜಿಲ್ಲೆಯ ಹೆಸರೇ ಅದು. ಕಚೇರಿ ಮಾತ್ರ ಹತ್ತೊಂಬತ್ತನೇ ಶತಮಾನದಲ್ಲೇ ಚಿಕ್ಕಮಗಳೂರಿಗೆ ಬಂದಿತ್ತು. ಕಂತೆಯಲ್ಲಿ ಎರಡು ವಿಭಾಗ ಪತ್ರ ಸಿಕ್ಕವು. ಎರಡರಲ್ಲೂ ಒಂದೇ ಚೆಕ್ಕುಬಂದಿ: ಪಶ್ಚಿಮಕ್ಕೆ ಹಳ್ಳ, ದಕ್ಷಿಣಕ್ಕೆ ವೀರಗಲ್ಲು ಇರುವ ಸರ್ಕಾರಿ ಜಾಗ. ಹಳೇ ಪತ್ರದಲ್ಲಿ ‘ಹುಲ್ಲು ಹೊದಿಸಿದ ವಾಸದ ಮನೆ’ ಎಂದಿದೆ. ಒಂದು ತಲೆಮಾರು ಕಳೆದ ಮೇಲಿನ ಪತ್ರದಲ್ಲಿ, ಎರಡನೇ ಮಹಾಯುದ್ಧಕ್ಕೆ ತುಸು ಮುಂಚಿನದು, ‘ಹೆಂಚಿನ ತೊಟ್ಟಿ ಮನೆ’. ಅಂದರೆ 1865 ಹೋಯಿತು. ಮನೆಯವರಿಗೆ ಬೇಸರ. ನನಗೇನೋ ಆ ಎರಡು ಸಾಲು ಅಂಕಿಗಿಂತ ದೊಡ್ಡದಾಗಿ ಕಂಡವು. ಮಂಗಳೂರಿನ ಹೆಂಚು ಇಲ್ಲಿಗೆ ಬರಬೇಕಾದರೆ ಚಾರ್ಮಾಡಿ ಘಾಟಿ ಹತ್ತಬೇಕು. ಹುಲ್ಲಿನ ಮನೆಯವರು ಹೆಂಚಿನ ಮನೆಯವರಾದದ್ದು ಆ ಎರಡು ಪತ್ರಗಳ ನಡುವೆ, ಕಾಫಿಯ ದುಡ್ಡಿನಲ್ಲಿ.

ಎರಡನೇ ತಪ್ಪು ಇಂದಿರಾ ಗಾಂಧಿ. 1978ರ ನವೆಂಬರಿನಲ್ಲಿ ಅವರು ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ನಿಂತು ವೀರೇಂದ್ರ ಪಾಟೀಲರನ್ನು 70,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಅವರಿಗಾಗಿ ಸೀಟು ಬಿಟ್ಟುಕೊಟ್ಟ ಡಿ.ಬಿ. ಚಂದ್ರೇಗೌಡರು ನಮ್ಮ ತಾಲ್ಲೂಕಿನ ದಾರದಹಳ್ಳಿಯವರು. ಹಾಗಾಗಿ ಈ ಕಡೆಯ ಜಗಲಿ ಇರುವ ಪ್ರತಿ ಮನೆಯಲ್ಲೂ ಇಂದಿರಮ್ಮ ಕಾಫಿ ಕುಡಿದಿದ್ದಾರೆ. ಈ ಮನೆಯಲ್ಲೂ ಕುಡಿದಿದ್ದರು, ಲೋಟ ಕೂಡ ಇತ್ತು. ಅಜ್ಜಿಯನ್ನೇ ನೇರವಾಗಿ ಕೇಳಿದಾಗ, ‘ಇಲ್ಲಪ್ಪ, ಜೀಪು ರಸ್ತೇಲಿ ಹೋಯ್ತು, ನಾವು ಬೇಲಿ ಹತ್ರ ನಿಂತು ನೋಡಿದ್ವಿ. ಲೋಟದ ಕತೆ ನಮ್ಮ ಯಜಮಾನ್ರದ್ದು’ ಅಂದರು. ಬೇಲಿ ಹತ್ತಿರ ನಿಂತು ನೋಡಿದ ಕತೆಯನ್ನೇ ಹೇಳತೊಡಗಿದೆವು. ಲೋಟಕ್ಕಿಂತ ಅದು ಜನಕ್ಕೆ ಹಿಡಿಸಿತು.

ಹೊಯ್ಸಳರ ವಿಷಯ ಹೇಳುವುದೇ ಬೇಡ. ಹೊಯ್ಸಳರ ಮೂಲಸ್ಥಾನ ಎನ್ನುವ ಅಂಗಡಿ, ಹಳೇ ಶಶಕಪುರ, ನಮ್ಮ ತಾಲ್ಲೂಕಿನಲ್ಲೇ ಇರುವುದರಿಂದ ಬಂದವರೆಲ್ಲ ಈ ಕಂಬ ಹೊಯ್ಸಳರ ಕಾಲದ್ದಾ ಎಂದು ಕೇಳುತ್ತಾರೆ. ಅಲ್ಲ ಅಂದರೆ ಮುಖ ಚಿಕ್ಕದಾಗುತ್ತದೆ.

ರೈಟರ್ ಆಗಿದ್ದವರ ಮಾತು ಮಾತ್ರ ಶುರುವಿನಿಂದಲೂ ಗಟ್ಟಿ. ಕಾಫಿ ಬೋರ್ಡಿನ ಪೂಲ್ ಇದ್ದ ಕಾಲದಲ್ಲಿ ಬೆಳೆಗಾರ ತಾನು ಬೆಳೆದದ್ದನ್ನು ತಾನೇ ಮಾರುವ ಹಾಗಿರಲಿಲ್ಲ, ಪೂಲಿಗೆ ಹಾಕಬೇಕು, ದುಡ್ಡು ಕಂತುಕಂತಾಗಿ ಬರುತ್ತಿತ್ತು, 1990ರ ದಶಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಸಡಿಲವಾಗಿ 1996ಕ್ಕೆ ಪೂರ್ತಿ ಬಿಡುಗಡೆಯಾಯಿತು. ಇದನ್ನೆಲ್ಲ ಅವರು ಕಣದಲ್ಲಿ ನಿಂತು, ಹಳೇ ಚೀಲ ಹಿಡಿದು ಹೇಳುತ್ತಿದ್ದರು. ಪಣತ ಯಾಕೆ ಖಾಲಿ ಎಂಬುದಕ್ಕೂ ಅವರಲ್ಲೇ ಉತ್ತರ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ ಗದ್ದೆಗಳು ಉಳುವವರ ಪಾಲಾದವು, ಗೇಣಿಭತ್ತ ಬರುವುದು ನಿಂತಿತು. ಕಾಫಿ ತೋಟಕ್ಕೆ ಆ ಕಾನೂನಿನಲ್ಲಿ ವಿನಾಯಿತಿ ಇತ್ತು, ಹಾಗಾಗಿ ಮನೆ ಉಳಿಯಿತು.

ಇನ್ನು ಆ ಕಲ್ಲು.

ಕೊಟ್ಟಿಗೆಯ ಹೊರಗೆ, ಬಿದ್ದ ಗೋಡೆಯ ಪಕ್ಕ ಮೊಣಕಾಲೆತ್ತರದ ಒಂದು ಚಪ್ಪಡಿ ಇದೆ. ಅದರ ಮೇಲೆ ಒಂದೇ ಸಾಲಿನಲ್ಲಿ ಏಳು ಕುಳಿ. ಬೊಗಸೆ ಅಷ್ಟು ಅಗಲ, ಎರಡು ಬೆರಳು ಆಳ, ಒಳಗೆಲ್ಲ ನುಣುಪು. ಮೇಷ್ಟ್ರು ಅದನ್ನು ಅಳಗುಳಿ ಮಣೆ ಎಂದು ತೀರ್ಮಾನಿಸಿದ್ದರು. ಅಳಗುಳಿಗೆ ಏಳೇಳರ ಎರಡು ಸಾಲು ಬೇಕಲ್ಲ ಮೇಷ್ಟ್ರೇ ಅಂದರೆ, ಇನ್ನೊಂದು ಸಾಲಿದ್ದ ಅರ್ಧ ಒಡೆದು ಹೋಗಿರಬೇಕು ಅನ್ನುತ್ತಿದ್ದರು. ಅಂಚು ಒಡೆದ ಗುರುತೇ ಇರಲಿಲ್ಲ, ನಾವ್ಯಾರೂ ನೋಡಿರಲಿಲ್ಲ. ಮಕ್ಕಳಿಗೆ ಹುಣಸೆಬೀಜ ಕೊಟ್ಟು ಅದರಲ್ಲಿ ಆಡಿಸುತ್ತಿದ್ದೆವು. ಫೋಟೋ ಚೆನ್ನಾಗಿ ಬರುತ್ತಿತ್ತು.

ಎರಡನೇ ವರ್ಷ, ಜನವರಿ. ಕಾಫಿ ಕುಯ್ಲು ನಡೆದಿತ್ತು. ಹತ್ತಿರದ ಲೈನ್ ಮನೆಯ, ಅಂದರೆ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿಸಿದ ಮನೆಯ, ಅಕ್ಕ ಒಬ್ಬರು ಮೊಮ್ಮಗನನ್ನು ಹುಡುಕಿಕೊಂಡು ಬಂದರು. ಹುಡುಗ ನಮ್ಮ ಗುಂಪಿನಲ್ಲಿ ಸೇರಿ ಅಳಗುಳಿ ಆಡುತ್ತಿದ್ದ. ಮೇಷ್ಟ್ರು ಅವತ್ತು ‘ಇದು ಊರಿಗೆಲ್ಲ ಅನ್ನ ಹಾಕಿದ ಮನೆ’ ಎಂದು ಹೇಳುತ್ತಿದ್ದರು. ಅಕ್ಕ ಹುಡುಗನ ರಟ್ಟೆ ಹಿಡಿದು ಎಬ್ಬಿಸಿ, ‘ಅದ್ರಲ್ಲಿ ಆಡ್ಬೇಡ’ ಅಂದರು. ಯಾಕಕ್ಕ ಎಂದು ಹುಡುಗಿಯರಲ್ಲಿ ಒಬ್ಬಳು ಕೇಳಿದಳು.

‘ಅದು ಗರಟೆ ಕಲ್ಲು. ಆಗ ಏಳು ಆಳುಮನೆ ಇದ್ವು. ಮನೆಗೊಂದು ಗರಟೆ. ಉರುಳಬಾರ್ದು ಅಂತ ಕುಳಿ ಮಾಡಿದ್ರು. ನಾವು ಗರಟೆ ಇಟ್ಟು ದೂರ ನಿಂತ್ಕೊಬೇಕು, ಅಮ್ಮಾವ್ರು ಬಂದು ಮೇಲಿಂದ ಕಾಫಿ ಹುಯ್ಯೋರು. ಅವ್ರು ಒಳಗೆ ಹೋದ್ಮೇಲೆ ನಾವು ತಗೊಬೇಕು. ಕುಡಿದು ತೊಳೆದು ಗೋಡೆ ಸಂದಿಗೆ ಸಿಕ್ಕಿಸಿ ಹೋಗೋದು. ನಮ್ಮವ್ವನ ಕುಳಿ ಇದು, ಈ ಕಡೆಯಿಂದ ಎರಡನೇದು.’

ಇಷ್ಟನ್ನು ಅವರು ಕೋಪದಿಂದ ಹೇಳಲಿಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುವ ಹಾಗೆ ಹೇಳಿದರು. ಮೇಷ್ಟ್ರ ಕೈಲಿದ್ದ ಹುಣಸೆಬೀಜದ ಡಬ್ಬಿ ಕೈಲೇ ಇತ್ತು.

ಕೊಟ್ಟಿಗೆ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ನಾವು ಯಾರೂ ಗಮನಿಸಿರಲಿಲ್ಲ. ಏನೂ ಅನ್ನದೆ ಒಳಗೆ ಹೋದರು. ಆ ವಾರವೆಲ್ಲ ಇನ್ನು ಬಾಗಿಲು ತೆಗೆಯುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಮುಂದಿನ ಭಾನುವಾರ ಬಾಗಿಲು ತೆಗೆದಿತ್ತು. ಬಂದವರನ್ನು ಕೊಟ್ಟಿಗೆ ಕಡೆ ಕರೆದುಕೊಂಡು ಹೋದಾಗ ಅಜ್ಜಿ ಗೋಡೆ ಹಿಡಿದುಕೊಂಡು ಹಿಂದೆಯೇ ಬಂದರು. ‘ಹುಯ್ತಿದ್ದೋಳು ನಾನೇ. ಮದುವೆಯಾಗಿ ಬಂದ ವಾರದಲ್ಲೇ ನಮ್ಮತ್ತೆ ತೋರಿಸಿಕೊಟ್ಟಿದ್ರು, ಎಷ್ಟು ಎತ್ತರದಿಂದ ಹುಯ್ಯಬೇಕು ಅಂತ’ ಅಂದು ಕೈ ಎತ್ತಿ ತೋರಿಸಿದರು. ಎದೆಮಟ್ಟಕ್ಕೆ. ಅಕ್ಕ ಅವತ್ತೂ ಬಂದಿದ್ದರು. ‘ಸಿಡೀತಿತ್ತು ಅಮ್ಮಾವ್ರೆ’ ಅಂದರು, ಅಷ್ಟೇ. ಇಬ್ಬರೂ ಅತ್ತರು, ತಬ್ಬಿಕೊಂಡರು ಎಂದೆಲ್ಲ ಬರೆಯುವಂಥದ್ದೇನೂ ನಡೆಯಲಿಲ್ಲ. ಅಜ್ಜಿ ಕೂತುಕೊಳ್ಳಲು ಕುರ್ಚಿ ಕೇಳಿದರು. ಆ ಹುಡುಗಿಯರು ಎರಡು ತಂದರು. ಅಕ್ಕ ಕೂರಲಿಲ್ಲ.

ಅಲ್ಲಿಂದ ನಮ್ಮ ಭಾನುವಾರದ ದಾರಿಯೇ ತಿರುಗಿತು. ಮೊದಲು ಹೆಬ್ಬಾಗಿಲಿನಿಂದ ಶುರುಮಾಡಿ ಜಗಲಿಯಲ್ಲಿ ಅರ್ಧ ಗಂಟೆ ಕಳೆದು, ಕೊಟ್ಟಿಗೆಯನ್ನು ಕೊನೆಗೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದೆವು. ಈಗ ಹಿಂದಿನಿಂದ ಶುರು. ಅಕ್ಕನ ಜೊತೆ ಇನ್ನೂ ಇಬ್ಬರು ಬರತೊಡಗಿದರು. ಗೇಣಿ ಕಾನೂನು ಬಂದಾಗ ಗದ್ದೆ ಸಿಕ್ಕಿದ್ದು ಗೇಣಿ ಮಾಡುತ್ತಿದ್ದವರಿಗೆ. ಆಳುಗಳ ಹೆಸರು ಪಹಣಿಯಲ್ಲಿ ಎಲ್ಲೂ ಇರಲಿಲ್ಲ, ಹಾಗಾಗಿ ಆ ಏಳು ಮನೆಗೆ ಏನೂ ಬರಲಿಲ್ಲ. ಪಣತದ ಮುಂದೆ ನಿಂತು ರೈಟರ್ ಹೇಳುತ್ತಿದ್ದ ಕತೆಯ ಈ ಭಾಗ ಅವರಿಗೂ ಹೊಳೆದಿರಲಿಲ್ಲ, ದಿನಾ ಪಹಣಿ ನೋಡುವ ನನಗೂ ಹೊಳೆದಿರಲಿಲ್ಲ.

ಕೆಲವರು ಮುಖ ಸಿಂಡರಿಸಿ ಹೋದರು. ಬೆಂಗಳೂರಿನಲ್ಲಿರುವ ಪಾಲುದಾರರೊಬ್ಬರು ಫೋನು ಮಾಡಿ, ಮನೆತನದ ಮಾನ ಹರಾಜು ಹಾಕಲು ನಿಮಗೆ ಬಾಗಿಲು ತೆಗೆದುಕೊಟ್ಟೆವಾ ಎಂದು ಕೇಳಿದರು. ಮನೆ ಮುಚ್ಚಿದ್ದೇ ಇದಕ್ಕೆ ಎಂದು ನಮ್ಮಲ್ಲಿ ಕೆಲವರು ಈಗಲೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಟಾರ್ಪಾಲು ಅದಕ್ಕೂ ಮೊದಲೇ ಹರಿದಿತ್ತು, ಅಟ್ಟದ ತೊಲೆಗೆ ಗೆದ್ದಲು ಹತ್ತಿತ್ತು, ಡಬ್ಬಿಯ ದುಡ್ಡಿನಲ್ಲಿ ಒಂದು ಮಗ್ಗುಲಿನ ಹೆಂಚು ಮಾತ್ರ ಕೈಯಾಡಿಸಲು ಆಗಿತ್ತು. ಆದರೆ ನಮ್ಮ ತಪ್ಪು ಒಂದಿದೆ. ಅಜ್ಜಿ ಆ ಮಾತನ್ನು ಮೊದಲ ಸಲ ಹತ್ತು ಜನ ಹೊರಗಿನವರ ಎದುರು ಕೇಳುವಂತಾಯಿತು. ಅಕ್ಕನ ಮಾತು ತಡೆಯಬೇಕಿತ್ತು ಎಂದಲ್ಲ. ಅವತ್ತು ಸಂಜೆಯೇ ನಮ್ಮಲ್ಲೊಬ್ಬರು ಹೋಗಿ ಅಜ್ಜಿಯ ಹತ್ತಿರ ಕೂರಬೇಕಿತ್ತು. ಹೋಗಲಿಲ್ಲ, ಹೆದರಿದೆವು. ಮುಂದಿನ ಭಾನುವಾರ ಅಜ್ಜಿ ಮಾಡಿದ್ದು ಅವರ ದೊಡ್ಡತನ, ನಮ್ಮ ಜಾಣತನ ಅಲ್ಲ.

ಆ ಏಪ್ರಿಲಿನಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಗಳು ಹಾಸನಕ್ಕೆ ಕರೆದುಕೊಂಡು ಹೋದರು. ಮೇ ಕೊನೆಯಿಂದ ಯಾರೂ ಬರುವುದು ಬೇಡ ಎಂದು ಪಾಲುದಾರರು ತಿಳಿಸಿದರು. ಅದೇ ಹೊತ್ತಿಗೆ ಹಳೇ ಮರದ ವ್ಯಾಪಾರಿ ಬಂದು ತೊಟ್ಟಿ ಕಂಬಗಳನ್ನು ಅಳೆದು ಹೋಗಿದ್ದ. ಇಂಥ ಕಂಬಗಳಿಗೆ ಈಗ ರೆಸಾರ್ಟ್, ಹೋಂಸ್ಟೇ ಕಟ್ಟುವವರಲ್ಲಿ ಬೇಡಿಕೆ. ಮನೆ ಬೀಳುವುದಕ್ಕಿಂತ ಬಿಚ್ಚುವುದು ಲಾಭ.

ನಾವು ಮಾಡಿದ ಪ್ರಯತ್ನಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಹೆಚ್ಚಿನವು ಫಲ ಕೊಡಲಿಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಸಂರಕ್ಷಿತ ಎಂದು ಘೋಷಿಸಲು ಅರ್ಜಿ ಹಾಕೋಣ ಎಂದು ಹುಡುಗಿಯರು ಅಂದರು. ಆ ಹೆಸರು ಎತ್ತಿದ್ದೇ ಪಾಲುದಾರರು ಬೆಚ್ಚಿದರು; ಆಮೇಲೆ ಒಂದು ಮೊಳೆ ಹೊಡೆಯಲೂ ಕಚೇರಿಗೆ ಅಲೆಯಬೇಕು ಎಂಬ ಭಯ. ಮನೆಯವರನ್ನು ಎದುರು ಹಾಕಿಕೊಂಡು ಅರ್ಜಿ ಹಾಕುವುದು ನನಗೆ ಸರಿ ಕಾಣಲಿಲ್ಲ, ಹಾಕಲಿಲ್ಲ. ಹೋಂಸ್ಟೇ ಮಾಡಿ ಎಂದರೆ ಬಂಡವಾಳ ಯಾರದ್ದು? ಪಂಚಾಯಿತಿಯವರು ಸನ್ಮಾನ ಮಾಡುತ್ತೇವೆ ಅಂದರು.

ಫಲ ಕೊಟ್ಟದ್ದು ಸಣ್ಣ ಕೆಲಸಗಳು. ಬೀಗ ಬೀಳುವ ಮುಂಚಿನ ನಾಲ್ಕು ವಾರ ಮನೆಯ ಒಂದೊಂದು ಅಂಕಣ ಅಳೆದು ನಕ್ಷೆ ಬರೆದೆವು. ಹುಡುಗಿಯರು ಅಜ್ಜಿ, ಅಕ್ಕ, ಮತ್ತಿಬ್ಬರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ನಾಲ್ಕು ಕಡೆ ಇಟ್ಟರು. ಟ್ರಂಕಿನ ಕಾಗದಗಳಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ದೃಢೀಕೃತ ನಕಲು ತೆಗೆಸಿದೆವು. ಮೂಲ ಕಳೆದರೂ ನೋಂದಣಿಯಾದ ಪತ್ರ ಅಲ್ಲಿ ಸಿಗುತ್ತದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಮತ್ತೆ ಆ ಚೆಕ್ಕುಬಂದಿ. ದಕ್ಷಿಣದ ವೀರಗಲ್ಲು ಸರ್ಕಾರಿ ಜಾಗದಲ್ಲಿದೆ ಎಂದು ಹಳೇ ಪತ್ರವೇ ಹೇಳುತ್ತದಲ್ಲ, ಹಾಗಾಗಿ ಅಲ್ಲಿ ನಿಲ್ಲಲು ಯಾರ ಅಪ್ಪಣೆಯೂ ಬೇಡ. ಅಕ್ಟೋಬರಿನಿಂದ ನಾವು ಭಾನುವಾರ ಅಲ್ಲೇ ಸೇರುತ್ತಿದ್ದೇವೆ. ಮನೆಯ ಬೆನ್ನು ಕಾಣುತ್ತದೆ, ಕೊಟ್ಟಿಗೆಯೂ. ನಕ್ಷೆ ಹಿಡಿದು ಮೇಷ್ಟ್ರು ಹೇಳುತ್ತಾರೆ. ಅರ್ಧಕ್ಕರ್ಧ ಜನ ಕಡಿಮೆಯಾಗಿದ್ದಾರೆ.

ಕಳೆದ ತಿಂಗಳು ಹನ್ನೊಂದು ಪಾಲುದಾರರ ನಡುವೆ ವಿಭಾಗವಾಯಿತು. ಪತ್ರ ಬರೆಯಲು ನನ್ನನ್ನೇ ಕರೆದರು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ, ಬೇರೆಯವರು ಬರೆದರೆ ಹೇಗೆ ಬರೆಯುತ್ತಾರೋ ಎಂಬ ಅಳುಕು. ಮನೆ ಅಜ್ಜಿಯ ಮಗಳ ಪಾಲಿಗೆ ಬಂತು. ಕಂಬ ಈ ಮಳೆಗಾಲ ಕಳೆಯುವವರೆಗೆ ಮಾರುವುದಿಲ್ಲ ಎಂದಿದ್ದಾರೆ, ಅಷ್ಟೇ. ಷೆಡ್ಯೂಲಿನಲ್ಲಿ ಕಂಚಿನ ಕೊಪ್ಪರಿಗೆ, ತೂಗುಮಂಚ, ಬೀಟೆ ಮರದ ಪೆಟ್ಟಿಗೆ ಎಲ್ಲ ಒಬ್ಬೊಬ್ಬರ ಹೆಸರಿಗೆ ಹಂಚಿಹೋದವು. ಇಂದಿರಮ್ಮನ ಲೋಟಕ್ಕೆ ಇಬ್ಬರು ಜಗಳವಾಡಿದರು. ಕಲ್ಲನ್ನು ಯಾರೂ ಬರೆಸಲಿಲ್ಲ. ವಿಭಾಗ ಪತ್ರದ ಕೊನೆಯಲ್ಲಿ, ಯಾರಿಗೂ ಬಿಡದ, ಎಲ್ಲರಿಗೂ ಸಮಾನ ಹಕ್ಕಿರುವ ಸ್ವತ್ತು ಎಂದು ಒಂದು ಕಲಂ ಇರುತ್ತದೆ. ಅಲ್ಲಿ ಬಾವಿ, ಬಾವಿಗೆ ಹೋಗುವ ದಾರಿ, ಚೌಡಿಬನ ಬರೆದು, ಕೆಳಗೆ ಸೇರಿಸಿದೆ: ‘ಕೊಟ್ಟಿಗೆಯ ಹೊರಗಿರುವ ಏಳು ಕುಳಿಯ ಗರಟೆ ಕಲ್ಲು, ಇದನ್ನು ಯಾರೂ ಕೀಳತಕ್ಕದ್ದಲ್ಲ, ಪರಭಾರೆ ಮಾಡತಕ್ಕದ್ದಲ್ಲ.’

ನೋಂದಣಿಯ ದಿನ ಪತ್ರ ಓದಿ ಹೇಳುವಾಗ ಕಿರಿಯ ಅಳಿಯ ತಡೆದರು. ‘ಇದ್ಯಾವ ಕಲ್ಲು ರೀ, ಇದನ್ನೂ ಬರೀತಾರಾ?’

ಅಜ್ಜಿ ವೀಲ್ ಚೇರಿನಲ್ಲಿದ್ದರು. ಹೆಬ್ಬೆಟ್ಟಿಗೆ ಆಗಲೇ ಮಸಿ ಹಚ್ಚಿತ್ತು, ಒರೆಸಿಕೊಳ್ಳದೆ ಹಾಗೇ ಎತ್ತಿ ಹಿಡಿದಿದ್ದರು.

‘ಇರ್ಲಿ. ಬರೀಲಿ’ ಅಂದರು.